ಕಾಯಿದೆಗೂ ಒಂದು ಮುಹೂರ್ತ

ಮನೆಯಲ್ಲಿ ಮಗಳ ಮದುವೆಗೆ ದಿನ ಗೊತ್ತುಮಾಡುವಾಗ ನಡೆಯುವ ಸಮಾಲೋಚನೆ ಸಣ್ಣದಲ್ಲ. ಪಂಚಾಂಗ ಒಪ್ಪಬೇಕು, ಛತ್ರ ಸಿಗಬೇಕು, ಅಡುಗೆಯವರು ಬಿಡುವಾಗಿರಬೇಕು, ಊರಿನಲ್ಲಿ ಅಡಕೆ ಕೊಯ್ಲು ಮುಗಿದಿರಬೇಕು, ದೂರದಲ್ಲಿರುವ ಸೋದರಮಾವನಿಗೆ ರಜ ದೊರೆಯಬೇಕು. ಇಷ್ಟೆಲ್ಲ ಕೂಡಿಬಂದ ಮೇಲಲ್ಲದೆ ಲಗ್ನಪತ್ರಿಕೆ ಅಚ್ಚಿಗೆ ಹೋಗುವುದಿಲ್ಲ. ಒಂದು ಮನೆಯ ಶುಭಕಾರ್ಯಕ್ಕೇ ಇಷ್ಟು ಎಚ್ಚರವಾದರೆ, ಕೋಟ್ಯಂತರ ಜನರ ಬಾಳನ್ನು ಮುಟ್ಟುವ ಕಾಯಿದೆಯೊಂದು ಯಾವ ದಿನದಿಂದ ನಡೆಯತಕ್ಕದ್ದೆಂದು ಗೊತ್ತುಮಾಡುವವರು ಯಾರು? ಆ ದಿನ ಹಿಂದುಮುಂದಾದರೆ ಲಾಭ ಯಾರಿಗೆ, ನಷ್ಟ ಯಾರಿಗೆ? ಈ ವಾರ ವಾಚಕರೊಡನೆ ಈ ಮುಹೂರ್ತದ ವಿಚಾರವಾಗಿ ಕೆಲವು ಮಾತು.

ವಿಧಾನಸೌಧದಲ್ಲಿ ಮಸೂದೆ ಅಂಗೀಕಾರವಾಯಿತೆಂದು ಪತ್ರಿಕೆಯಲ್ಲಿ ಓದಿದೊಡನೆ ಕಾಯಿದೆ ಬಂದೇಬಿಟ್ಟಿತೆಂದು ಭಾವಿಸುವವರು ನಮ್ಮಲ್ಲಿ ಬಹುಮಂದಿ. ಬೆಂಗಳೂರಿನ ಬಡಾವಣೆಯಲ್ಲಾಗಲಿ, ಕಡೂರಿನ ಬಸ್ ನಿಲ್ದಾಣದಲ್ಲಾಗಲಿ, "ಪಾಸಾಯಿತಂತೆ ಕಣ್ರೀ" ಎಂದು ಒಬ್ಬರು ಹೇಳಿದರೆ, "ಹಾಗಾದರೆ ನಾಳೆಯಿಂದಲೇ" ಎಂದು ಇನ್ನೊಬ್ಬರು ತೀರ್ಪು ಕೊಡುತ್ತಾರೆ. ನಾಳೆಯಿಂದಲೇ ಆಗಬಹುದು, ಮೂರು ವರ್ಷದ ಮೇಲೆ ಆಗಬಹುದು, ಎಂದೆಂದಿಗೂ ಆಗದೆಯೂ ಹೋಗಬಹುದು. ಹುಟ್ಟಿದ ಕಾಯಿದೆ ಬೇರೆ, ನಡೆಯುವ ಕಾಯಿದೆ ಬೇರೆ. ಈ ಎರಡರ ನಡುವಣ ಅಂತರವನ್ನು ಅರಿಯದೆ ಜಮೀನು ಕಳೆದುಕೊಂಡವರಿದ್ದಾರೆ, ಅರಿತು ಜಮೀನು ಉಳಿಸಿಕೊಂಡವರೂ ಇದ್ದಾರೆ.

ಮೊದಲು ಕ್ರಮವನ್ನು ನೋಡೋಣ. ಮಸೂದೆ ವಿಧಾನಸಭೆ, ವಿಧಾನಪರಿಷತ್ತು ಎರಡರಲ್ಲಿಯೂ ಒಪ್ಪಿಗೆಯಾಗಿ ರಾಜ್ಯಪಾಲರ ಬಳಿಗೆ ಹೋಗುತ್ತದೆ. ಕೆಲವು ವಿಷಯಗಳಲ್ಲಿ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸುತ್ತಾರೆ. ಅಂಕಿತ ದೊರೆತ ಮೇಲೆ ಕಾಯಿದೆ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಇಲ್ಲಿಗೆ ಅದು ಹುಟ್ಟಿದಂತಾಯಿತು. ಅದು ನಡೆದಾಡುವುದು ಎಂದಿನಿಂದ ಎಂಬುದನ್ನು ತಿಳಿಯಬೇಕಾದರೆ ಕಾಯಿದೆಯ ಮೊದಲನೆಯ ಪ್ರಕರಣವನ್ನೇ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಪುಟ್ಟ ಉಪಪ್ರಕರಣಗಳಿರುತ್ತವೆ: ಕಾಯಿದೆಯ ಹೆಸರು, ಅದು ವ್ಯಾಪಿಸುವ ಪ್ರದೇಶ, ಅದು ಪ್ರಾರಂಭವಾಗುವ ದಿನ. ಮುಂದಿನ ನೂರು ಪ್ರಕರಣಗಳನ್ನು ಚರ್ಚಿಸುವ ಪಂಡಿತರೂ ಈ ಮೂರನೆಯ ಸಾಲಿನ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಮೊಳೆಯಿರುವುದು ಅಲ್ಲಿಯೇ.

ಪ್ರಾರಂಭದ ದಿನವನ್ನು ಹೇಳುವ ರೀತಿ ನಾಲ್ಕು ಬಗೆ. ಏನನ್ನೂ ಹೇಳದೆ ಬಿಡುವುದು ಒಂದು. ಆಗ ಸಾಮಾನ್ಯ ನಿಯಮ ಅನ್ವಯಿಸುತ್ತದೆ. ಕೇಂದ್ರದ ಕಾಯಿದೆಯಾದರೆ 1897ರ ಸಾಮಾನ್ಯ ಪದಗಳ ಅಧಿನಿಯಮದ ಮೇರೆಗೆ ರಾಷ್ಟ್ರಪತಿಗಳ ಅಂಕಿತದ ದಿನವೇ ಪ್ರಾರಂಭದ ದಿನ. ಅದೂ ಅಂಕಿತದ ಗಳಿಗೆಯಿಂದಲ್ಲ, ಹಿಂದಿನ ದಿನ ಮುಗಿದ ಮಧ್ಯರಾತ್ರಿಯಿಂದ. ಎರಡನೆಯದು, ದಿನವನ್ನು ಕಾಯಿದೆಯಲ್ಲಿಯೇ ನಮೂದಿಸುವುದು. ನಮ್ಮ ಸಂವಿಧಾನವೇ ಇದಕ್ಕೆ ನಿದರ್ಶನ. 394ನೆಯ ಅನುಚ್ಛೇದದ ಪ್ರಕಾರ ಪೌರತ್ವ, ಚುನಾವಣೆ ಮೊದಲಾದವುಗಳಿಗೆ ಸಂಬಂಧಿಸಿದ ಕೆಲವು ಅನುಚ್ಛೇದಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದವು; ಉಳಿದುದೆಲ್ಲ 1950ರ ಜನವರಿ 26ರಂದು. ಮೂರನೆಯದು, ದಿನಗಳನ್ನು ಎಣಿಸಿ ಹೇಳುವುದು. 2005ರ ಮಾಹಿತಿ ಹಕ್ಕು ಕಾಯಿದೆಯ ಕೆಲವು ಪ್ರಕರಣಗಳು ಒಡನೆಯೇ ಜಾರಿಗೆ ಬಂದು, ಮಿಕ್ಕವು 120ನೆಯ ದಿನ, ಎಂದರೆ ಆ ವರ್ಷದ ಅಕ್ಟೋಬರ್ 12ರಂದು ಜಾರಿಗೆ ಬಂದವು. ನಾಲ್ಕನೆಯದೇ ಎಲ್ಲಕ್ಕಿಂತ ಹೆಚ್ಚು ಬಳಕೆಯದು: "ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದ ದಿನಾಂಕದಂದು ಇದು ಜಾರಿಗೆ ಬರತಕ್ಕದ್ದು." ನಿಶ್ಚಿತಾರ್ಥ ಮುಗಿದಿದೆ, ಲಗ್ನದ ದಿನವನ್ನು ಬೀಗರು ಆಮೇಲೆ ತಿಳಿಸುತ್ತಾರೆ ಎಂದ ಹಾಗೆ.

ಹೀಗೆ ಸರ್ಕಾರದ ಕೈಗೆ ದಿನವನ್ನು ಒಪ್ಪಿಸುವುದು ತಪ್ಪೇ ಎಂದರೆ, ತಪ್ಪೆನ್ನಲಾಗದು. ಕಾಯಿದೆ ನಡೆಯಬೇಕಾದರೆ ನಿಯಮಗಳು ಬೇಕು, ನಮೂನೆಗಳು ಅಚ್ಚಾಗಬೇಕು, ಅಧಿಕಾರಿಗಳು ನೇಮಕವಾಗಬೇಕು, ಕುಳಿತುಕೊಳ್ಳಲು ಕಚೇರಿ ಬೇಕು. ನಾಣ್ಯದ ದಶಮಾನ ಪದ್ಧತಿಯನ್ನು ನೆನೆಯಿರಿ. ಅದಕ್ಕೆ ಸಂಬಂಧಿಸಿದ ತಿದ್ದುಪಡಿ ಆದದ್ದು 1955ರಲ್ಲಿ. ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ತೂಕ ಅಳತೆಗಳ ಕಾಯಿದೆ 1956ರದು. ಅದು ಪ್ರದೇಶಕ್ಕೊಂದು, ಸರಕಿಗೊಂದು ದಿನವೆಂಬಂತೆ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಂದಿತು. ಸೇರು, ಮಣ, ಪಲ್ಲಗಳಲ್ಲಿ ಲೆಕ್ಕ ಹಾಕುತ್ತಿದ್ದ ಅಡಕೆ ಮಂಡಿಯವರಿಗೆ "ಇಂದು ರಾತ್ರಿಯಿಂದ ಕಿಲೋಗ್ರಾಂ" ಎಂದಿದ್ದರೆ ಮರುದಿನ ಬೆಳಗ್ಗೆ ತಕ್ಕಡಿಗೆ ಹಾಕಲು ಬಟ್ಟುಗಳೇ ಇರುತ್ತಿರಲಿಲ್ಲ. ಹತ್ತಿರದ ಕಾಲಕ್ಕೆ ಬಂದರೆ, ಕಚೇರಿಗಳು ಗೊತ್ತಾದ ಅವಧಿಯೊಳಗೆ ಜನರ ಕೆಲಸ ಮಾಡಿಕೊಡಬೇಕೆಂಬ ನಮ್ಮ ರಾಜ್ಯದ 'ಸಕಾಲ' ಕಾಯಿದೆ 2012ರ ಮಾರ್ಚ್ 1ರಂದು ಔರಾದ, ಧಾರವಾಡ, ಚಿತ್ರದುರ್ಗ, ಪುತ್ತೂರು ಎಂಬ ನಾಲ್ಕೇ ತಾಲ್ಲೂಕುಗಳಲ್ಲಿ ಆರಂಭವಾಯಿತು. ಇಡೀ ರಾಜ್ಯಕ್ಕೆ ಬಂದದ್ದು ಏಪ್ರಿಲ್ 2ರಂದು. ಹೊಸ ಬಂಡಿಯನ್ನು ಸಂತೆಗೆ ಹೂಡುವ ಮೊದಲು ಹೊಲದ ದಾರಿಯಲ್ಲಿ ಓಡಿಸಿ ನೋಡುವ ಬುದ್ಧಿವಂತಿಕೆಯಿದು.

ಶಾಸನಸಭೆ ಮಾಡಿದ ಕಾಯಿದೆಗೆ ಅಧಿಕಾರಿ ದಿನವಿಡಬಹುದೇ ಎಂಬ ವ್ಯಾಜ್ಯವೂ ಹಳೆಯದೇ. ಗಾರೋ ಬೆಟ್ಟಗಳನ್ನು ಸಾಮಾನ್ಯ ನ್ಯಾಯಾಲಯಗಳ ಅಧಿಕಾರದಿಂದ ಹೊರತುಪಡಿಸುವ 1869ರ ಕಾಯಿದೆ, ಪ್ರಾರಂಭದ ದಿನವನ್ನು ಬಂಗಾಳದ ಲೆಫ್ಟಿನೆಂಟ್ ಗವರ್ನರರಿಗೆ ಬಿಟ್ಟಿತ್ತು. ಬುರಾ ಎಂಬವನ ಮೊಕದ್ದಮೆಯಲ್ಲಿ ಈ ಪ್ರಶ್ನೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ, ಕಾಯಿದೆಯನ್ನು ಮಾಡಿದ್ದು ಶಾಸನಸಭೆಯೇ, ಅದು ಷರತ್ತಿನ ಮೇಲೆ ದಿನವನ್ನು ಮಾತ್ರ ಇತರರಿಗೆ ಬಿಟ್ಟಿದೆ, ಅದರಲ್ಲಿ ದೋಷವಿಲ್ಲವೆಂದು 1878ರಲ್ಲಿ ತೀರ್ಮಾನವಾಯಿತು. ಇಂದಿಗೂ ನಮ್ಮ ನ್ಯಾಯಾಲಯಗಳು ನಡೆಯುತ್ತಿರುವುದು ಅದೇ ಹಾದಿಯಲ್ಲಿ.

ತತ್ತ್ವ ಇಷ್ಟು ಸಾಕು. ಅದರ ಫಲ ಜನಜೀವನದಲ್ಲಿ ಹೇಗೆ ಕಾಣುತ್ತದೆಂಬುದಕ್ಕೆ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗೆ ಹೋಗೋಣ. ಸ್ವಾತಂತ್ರ್ಯ ಬರುವವರೆಗೂ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಕಡೂರು ಬಯಲು ನಾಡು, ತೆಂಗಿನ ಸೀಮೆ. ತರೀಕೆರೆ ಮಲೆನಾಡಿನ ಬಾಗಿಲು, ಅಡಕೆಯ ಊರು, ಉಪವಿಭಾಗಾಧಿಕಾರಿಗಳ ಕಚೇರಿಯಿರುವ ಸ್ಥಳ. ಅಜ್ಜಂಪುರ ಅಮೃತಮಹಲ್ ದನಗಳಿಂದ ಹೆಸರಾದದ್ದು, ಬಹುಕಾಲ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ.

ಅಜ್ಜಂಪುರದ ವಿಚಾರವನ್ನೇ ಮೊದಲು ಹೇಳಬೇಕು. 2017ರ ಮಾರ್ಚಿಯಲ್ಲಿ ಮಂಡಿತವಾದ ರಾಜ್ಯದ ಆಯವ್ಯಯದಲ್ಲಿ 49 ಹೊಸ ತಾಲ್ಲೂಕುಗಳ ಘೋಷಣೆಯಾಯಿತು. ಪಟ್ಟಿಯಲ್ಲಿ ಅಜ್ಜಂಪುರವಿತ್ತು. ಅಂದೇ ಅಜ್ಜಂಪುರ ತಾಲ್ಲೂಕಾಯಿತೇ? ಇಲ್ಲ. ಆಯವ್ಯಯ ಭಾಷಣ ಎಷ್ಟೇ ಗಂಭೀರವಾದರೂ ಅದು ಅಧಿಸೂಚನೆಯಲ್ಲ. 1964ರ ಭೂಕಂದಾಯ ಕಾಯಿದೆಯ 4ನೆಯ ಪ್ರಕರಣದ ಮೇರೆಗೆ, ಯಾವ ಯಾವ ಗ್ರಾಮಗಳು ಹಳೆಯ ತಾಲ್ಲೂಕಿನಿಂದ ಹೊರಟು ಹೊಸದಕ್ಕೆ ಸೇರುತ್ತವೆಂಬುದು ರಾಜ್ಯಪತ್ರದಲ್ಲಿ ಬರಬೇಕು. ಘೋಷಣೆಯ ದಿನಕ್ಕೂ ಹೊಸ ತಹಸೀಲ್ದಾರರು ಕುರ್ಚಿಯಲ್ಲಿ ಕುಳಿತ ದಿನಕ್ಕೂ ನಡುವೆ ತಿಂಗಳುಗಳೇ ಸರಿದವು. ಅಲ್ಲಿಯವರೆಗೆ ಅಜ್ಜಂಪುರದ ರೈತ ಖಾತೆ ಬದಲಾವಣೆಗೆ ಹಿಡಿಯಬೇಕಾದ ಬಸ್ಸು ತರೀಕೆರೆಯದೇ. ಸನ್ಮಾನ, ಸಿಹಿ ಹಂಚಿಕೆಗಳೆಲ್ಲ ಘೋಷಣೆಯ ದಿನಕ್ಕೆ; ಪಹಣಿ ಪತ್ರಿಕೆಯ ತಲೆಬರಹ ಬದಲಾಗುವುದು ಅಧಿಸೂಚನೆಯ ದಿನಕ್ಕೆ.

ಆ ಭೂಕಂದಾಯ ಕಾಯಿದೆಗೂ ಒಂದು ಹಿನ್ನೆಲೆಯುಂಟು. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಕನ್ನಡ ಭಾಗಗಳು ಒಂದಾದುವು. ರಾಜ್ಯಗಳ ಪುನರ್ವಿಂಗಡಣೆಯ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತವಾದದ್ದು ಆಗಸ್ಟ್ 31. ಗೊತ್ತಾದ ದಿನ ನವೆಂಬರ್ 1. ನಾಡು ಒಂದಾಯಿತು, ಕಾನೂನುಗಳು ಒಂದಾಗಲಿಲ್ಲ. ಕಡೂರಿನವರಿಗೆ ಹಳೆಯ ಮೈಸೂರಿನ ಕಾನೂನು, ಧಾರವಾಡದವರಿಗೆ ಮುಂಬಯಿಯದು, ಮಂಗಳೂರಿನವರಿಗೆ ಮದರಾಸಿನದು. ಇವನ್ನು ಏಕರೂಪಗೊಳಿಸಲು ಹೊರಟ ಕಾಯಿದೆಗಳು ಒಂದರ ಹಿಂದೊಂದು ಬಂದವು. ಭೂಕಂದಾಯ ಕಾಯಿದೆ ಜಾರಿಗೆ ಬಂದದ್ದು 1964ರ ಏಪ್ರಿಲ್ 1. ಸರ್ಕಾರದ ಲೆಕ್ಕದ ವರ್ಷ ಹುಟ್ಟುವ ದಿನ. ಕಂದಾಯದ ಕಾನೂನಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ.

ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯ ಕಥೆ ಇನ್ನೂ ರಂಜಕವಾದದ್ದು. ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಮುಂತಾದ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕುವ ಈ ಕಾಯಿದೆ 1961ರದು. ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ನಡುವಣ ಒಂದೂವರೆ ವರ್ಷ ಪಟೇಲರು ಪಟೇಲರಾಗಿಯೇ ಇದ್ದರು, ಶಾನುಭೋಗರು ಖಿರ್ದಿ ಬರೆಯುತ್ತಲೇ ಇದ್ದರು. ಈ ಅವಧಿ ವ್ಯರ್ಥವಲ್ಲ. ಗ್ರಾಮ ಲೆಕ್ಕಿಗರೆಂಬ ಸರ್ಕಾರಿ ನೌಕರರು ಬಂದು ದಫ್ತರ ವಹಿಸಿಕೊಳ್ಳದೆ ಶಾನುಭೋಗರನ್ನು ಬಿಡಿಸಿದ್ದರೆ ಊರಿನ ಲೆಕ್ಕಕ್ಕೆ ದಿಕ್ಕಿರುತ್ತಿರಲಿಲ್ಲ. ಫೆಬ್ರವರಿ 1ರ ಮಧ್ಯರಾತ್ರಿ ಕಳೆದಾಗ, ತಲೆತಲಾಂತರದಿಂದ ಬಂದ ಅಧಿಕಾರ ಒಂದೇ ಗಳಿಗೆಗೆ ಕಡೂರಿನಲ್ಲಿಯೂ ಕಲಬುರ್ಗಿಯಲ್ಲಿಯೂ ಮುಗಿಯಿತು. ಹುದ್ದೆಗೆ ಸೇರಿದ ಜಮೀನು ಸರ್ಕಾರಕ್ಕೆ ಹಿಂದಿರುಗಿ, ಹಣ ಕಟ್ಟಿದವರಿಗೆ ಮರುಮಂಜೂರಾಗತಕ್ಕದ್ದೆಂದಾಯಿತು. ಹೀಗೆ ಮರುಮಂಜೂರಾದ ಜಮೀನನ್ನು 15 ವರ್ಷದೊಳಗೆ ಅನುಮತಿಯಿಲ್ಲದೆ ಪರಭಾರೆ ಮಾಡಕೂಡದೆಂಬ ತಿದ್ದುಪಡಿ 1978ರ ಆಗಸ್ಟ್ 7ರಂದು ಜಾರಿಗೆ ಬಂದಿತು. ಇಂದಿಗೂ ತಳವಾರಿಕೆಯ ಹೊಲವನ್ನೋ ಶಾನುಭೋಗಿಕೆಯ ಗದ್ದೆಯನ್ನೋ ಕೊಳ್ಳಹೊರಟವರಿಗೆ ವಕೀಲರು ಕೇಳುವ ಮೊದಲ ಪ್ರಶ್ನೆ, "ಹಿಂದಿನ ಕ್ರಯಪತ್ರ 7-8-1978ಕ್ಕೆ ಮುಂಚಿನದೋ, ಆಮೇಲಿನದೋ?"

ಇಲ್ಲಿಯವರೆಗೆ ಹೇಳಿದ್ದು ಅಂತರದ ಉಪಯೋಗ. ಅಂತರದ ಅಪಾಯ ಕಾಣಬೇಕಾದರೆ ಭೂಸುಧಾರಣೆಯ ಕಾಯಿದೆಗೆ ಬರಬೇಕು. 1961ರ ಸಂಖ್ಯೆ ಹೊತ್ತ ಈ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತವಾದದ್ದು 1962ರ ಮಾರ್ಚಿಯಲ್ಲಿ. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು, ಗಾಂಧೀ ಜಯಂತಿಯ ದಿನ. ದಿನವೇನೋ ಪವಿತ್ರವಾದದ್ದೇ. ಆದರೆ ಅದು ಬರುವ ಹೊತ್ತಿಗೆ ಮೂರೂವರೆ ವರ್ಷ ಸಂದಿತ್ತು, ಕಾಯಿದೆ ಒಮ್ಮೆ ತಿದ್ದುಪಡಿಯನ್ನೂ ಕಂಡಿತ್ತು.

ಆ ಮೂರೂವರೆ ವರ್ಷ ಗೇಣಿದಾರನ ಪಾಲಿಗೆ ಏನು? ಒಂದು ಊಹೆಯ ಚಿತ್ರ ಬಿಡಿಸಿಕೊಳ್ಳೋಣ. ತರೀಕೆರೆಯ ಕಡೆ ಒಬ್ಬ ಒಕ್ಕಲು, ನಾಲ್ಕೆಕರೆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದಾನೆ. ಕರಾರು ಬಾಯಿಮಾತಿನದು, ರಸೀದಿಯಿಲ್ಲ. ಗೇಣಿದಾರನಿಗೆ ಭದ್ರತೆ ಕೊಡುವ ಕಾಯಿದೆ ಬರುತ್ತದೆಂದು ರಾಜ್ಯಪತ್ರ ಹೇಳಿದೆ. ಅದನ್ನು ಓದಬಲ್ಲವನು ಒಡೆಯ; ಓದಲಾರದವನು ಒಕ್ಕಲು. ಕಾಯಿದೆ ಇನ್ನೂ ನಡೆಯುತ್ತಿಲ್ಲವಾದ್ದರಿಂದ ಒಡೆಯನಿಗೆ ಸಮಯವಿದೆ. "ಈ ಸಲ ನಾವೇ ಬೇಸಾಯ ಮಾಡುತ್ತೇವಪ್ಪ, ನೀನು ಬಿಟ್ಟುಬಿಡು" ಎನ್ನಬಹುದು. ಹಿಡುವಳಿಯನ್ನು ಮಕ್ಕಳ ಹೆಸರಿಗೆ ಹಂಚಬಹುದು. ಪಹಣಿಯಲ್ಲಿ ಸ್ವಂತ ಸಾಗುವಳಿಯೆಂದು ಬರೆಯಿಸಬಹುದು. ಆಗ ಊರಿನಲ್ಲಿ ಜಗಳವೂ ಆಗುವುದಿಲ್ಲ. ಒಕ್ಕಲು 'ಸ್ವ ಇಚ್ಛೆಯಿಂದ' ಬಿಟ್ಟುಕೊಟ್ಟನೆಂದೇ ದಾಖಲೆಯಾಗುತ್ತದೆ. ದೇಶದ ನಾನಾ ಕಡೆ ಇಂಥ ಸ್ವ ಇಚ್ಛೆಯ ತ್ಯಾಗಗಳು ನಡೆದು, ಅವು ನಿಜವಾಗಿ ಸ್ವ ಇಚ್ಛೆಯವಲ್ಲವೆಂದು ಯೋಜನಾ ಆಯೋಗವೇ ಸಂದೇಹ ಸೂಚಿಸಿತ್ತು. ಕಳ್ಳನನ್ನು ಹಿಡಿಯುತ್ತೇವೆಂದು ಡಂಗುರ ಸಾರಿ, ಯಾವತ್ತು ಹಿಡಿಯುತ್ತೇವೆಂಬುದನ್ನು ಆಮೇಲೆ ತಿಳಿಸುತ್ತೇವೆಂದರೆ ಅವನೇನು ಮನೆಯಲ್ಲಿ ಕಾದು ಕುಳಿತಾನೆಯೇ? ಎಲ್ಲ ಒಡೆಯರೂ ಹಾಗೆ ಮಾಡಿದರೆನ್ನುವುದು ಅನ್ಯಾಯದ ಮಾತು. ಆದರೆ ಹಾಗೆ ಮಾಡಲು ಕಾನೂನೇ ಮೂರೂವರೆ ವರ್ಷ ಬಾಗಿಲು ತೆರೆದಿಟ್ಟಿತ್ತೆಂಬುದು ನಿಜ.

ಈ ಅನುಭವದಿಂದ ಸರ್ಕಾರ ಪಾಠ ಕಲಿತಿತೆನ್ನಬೇಕು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಬಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಆ ದಿನಕ್ಕೂ, ಆ ದಿನಕ್ಕೆ ಒಡನೆಯೇ ಹಿಂದೆಯೂ, ಯಾವ ಜಮೀನು ಗೇಣಿದಾರನ ವಶದಲ್ಲಿತ್ತೆಂಬುದೇ ಪ್ರಶ್ನೆಯಾಯಿತು. ಅಂಥ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರ ಅಧಿಭೋಗದ ಹಕ್ಕಿಗೆ ಅರ್ಜಿ ಹಾಕಬಹುದಾಯಿತು. ಇಡೀ ರಾಜ್ಯದ ಗೇಣಿಯ ಜಮೀನುಗಳನ್ನು ಒಂದೇ ಕ್ಷಣದಲ್ಲಿ ಛಾಯಾಚಿತ್ರ ತೆಗೆದಂತೆ ಈ ದಿನಾಂಕ. ಮರುದಿನ ಯಾರು ಯಾರನ್ನು ಎಬ್ಬಿಸಿದರೂ ಚಿತ್ರ ಬದಲಾಗದು. ತಾಲ್ಲೂಕಿಗೊಂದರಂತೆ ಭೂ ನ್ಯಾಯಮಂಡಳಿಗಳು ಏರ್ಪಟ್ಟವು, ಉಪವಿಭಾಗಾಧಿಕಾರಿಗಳೇ ಅಧ್ಯಕ್ಷರು. ಕಡೂರಿನ ಒಕ್ಕಲೂ ಅಜ್ಜಂಪುರದ ಒಕ್ಕಲೂ 7ನೆಯ ನಮೂನೆಯ ಅರ್ಜಿ ಹಿಡಿದು ಹೋಗಬೇಕಾದದ್ದು ಇಂಥ ಮಂಡಳಿಗಳ ಮುಂದೆಯೇ. "ಡಿಕ್ಲರೇಷನ್ ಹಾಕಿದಿರಾ?" ಎಂಬುದು ಆ ಕಾಲದ ಸಂತೆಯ ಮಾತಾಗಿಬಿಟ್ಟಿತು.

ತೆರೆಯುವುದಕ್ಕೆ ಒಂದು ದಿನವಿದ್ದಂತೆ ಮುಚ್ಚುವುದಕ್ಕೂ ಒಂದು ದಿನವುಂಟು. 7ನೆಯ ನಮೂನೆಗೆ ಗಡುವು ಮತ್ತೆ ಮತ್ತೆ ಮುಂದೆ ಹೋಗಿ ಕಡೆಗೆ 1979ರ ಜೂನ್ 30ಕ್ಕೆ ನಿಂತಿತು. ಅಂದು ಸಂಜೆಯೊಳಗೆ ಅರ್ಜಿ ಕೊಟ್ಟವನು ಹಕ್ಕುದಾರನಾಗಬಹುದು. ಜುಲೈ 1ರ ಬೆಳಗ್ಗೆ ಬಂದವನ ಗೇಣಿ ಎಷ್ಟು ತಲೆಮಾರಿನದಾದರೂ ಅವನ ಅರ್ಜಿ ಕಾಗದವೇ ಸರಿ. ಒಂದು ರಾತ್ರಿಯ ಅಂತರದಲ್ಲಿ ಒಂದು ಮನೆ ಭೂಮಾಲೀಕರದಾಯಿತು, ಇನ್ನೊಂದು ಮನೆ ಕೂಲಿಯವರದಾಗಿ ಉಳಿಯಿತು.

ದಿನಾಂಕ ಮುಂದಕ್ಕೆ ಹೋಗುವಂತೆ ಹಿಂದಕ್ಕೂ ಹೋಗಬಲ್ಲದು. 1974ರ ಅದೇ ತಿದ್ದುಪಡಿಯಿಂದ ಬಂದ 79-ಎ, 79-ಬಿ ಪ್ರಕರಣಗಳನ್ನು ನಗರವಾಸಿಗಳು ಮರೆತಿರಲಾರರು. ಗೊತ್ತಾದ ಮಿತಿಗಿಂತ ಹೆಚ್ಚು ಬೇರೆ ವರಮಾನವುಳ್ಳವರೂ ಕೃಷಿಕರಲ್ಲದವರೂ ಬೇಸಾಯದ ಭೂಮಿಯನ್ನು ಕೊಳ್ಳದಂತೆ ಅವು ತಡೆದಿದ್ದವು. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು; ಅದೂ 2020ರಿಂದಲ್ಲ, 1974ರ ಮಾರ್ಚ್ 1ರಿಂದಲೇ ಅವು ಬಿಟ್ಟುಹೋಗಿವೆಯೆಂದು ಭಾವಿಸತಕ್ಕದ್ದೆಂದು ವಿಧಿಸಿತು. ನಲವತ್ತಾರು ವರ್ಷ ಬದುಕಿದ ನಿಯಮ ಹುಟ್ಟೇ ಇರಲಿಲ್ಲವೆಂಬಂತಾಯಿತು. ಅದರ ಮೇರೆಗೆ ನಡೆಯುತ್ತಿದ್ದ ಮೊಕದ್ದಮೆಗಳು ಕೊನೆಗೊಂಡವು. ನಿಯಮವನ್ನು ನಂಬಿ ಜಮೀನು ಕೊಳ್ಳದೆ ಸುಮ್ಮನಿದ್ದವರಿಗೆ ಮಾತ್ರ ಆ ನಲವತ್ತಾರು ವರ್ಷ ಹಿಂದಿರುಗಲಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕಿಂತ ವಿಚಿತ್ರವಾದ ಪದ್ಧತಿಯಿತ್ತು. ಬೇರೆ ದಿನ ಹೇಳದಿದ್ದರೆ ಪಾರ್ಲಿಮೆಂಟಿನ ಕಾಯಿದೆಯು ಆ ಅಧಿವೇಶನದ ಮೊದಲ ದಿನದಿಂದಲೇ ಜಾರಿಯಲ್ಲಿತ್ತೆಂದು ಎಣಿಕೆ. ಅಧಿವೇಶನದ ಕೊನೆಯಲ್ಲಿ ಒಪ್ಪಿಗೆಯಾದ ಕಾಯಿದೆ, ತಿಂಗಳುಗಳ ಹಿಂದೆ ನಿರಪರಾಧವಾಗಿದ್ದ ಕೆಲಸವನ್ನು ಅಪರಾಧವಾಗಿಸಬಹುದಾಗಿತ್ತು! 1793ರಲ್ಲಿ ಇದನ್ನು ನಿಲ್ಲಿಸಿ, ದೊರೆಯ ಅಂಕಿತದ ದಿನವೇ ಪ್ರಾರಂಭವೆಂದು ಕಾಯಿದೆ ಮಾಡಿದರು. ನಮ್ಮ ಸಂವಿಧಾನದ 20ನೆಯ ಅನುಚ್ಛೇದ ಅಪರಾಧದ ವಿಷಯದಲ್ಲಿ ಇನ್ನೂ ಗಟ್ಟಿ: ಕೃತ್ಯ ನಡೆದ ದಿನ ಜಾರಿಯಲ್ಲಿದ್ದ ಕಾನೂನನ್ನು ಮೀರಿದ್ದರೆ ಹೊರತು ಯಾರನ್ನೂ ಅಪರಾಧಿಯೆನ್ನುವಂತಿಲ್ಲ. ಭೂಮಿಯ ವಿಷಯದಲ್ಲಿ, ತೆರಿಗೆಯ ವಿಷಯದಲ್ಲಿ ಆ ಕಾವಲು ಅಷ್ಟು ಬಿಗಿಯಿಲ್ಲ.

ಇನ್ನು ಮುಹೂರ್ತವೇ ಕೂಡಿಬಾರದ ಕಾಯಿದೆಗಳುಂಟು. ತುರ್ತು ಪರಿಸ್ಥಿತಿಯ ಕಹಿಯನ್ನುಂಡ ಸಂಸತ್ತು 1978ರಲ್ಲಿ ಸಂವಿಧಾನದ 44ನೆಯ ತಿದ್ದುಪಡಿಯನ್ನು ಮಾಡಿತು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಧಿಕಾರಕ್ಕೆ ಹೆಚ್ಚಿನ ಕಡಿವಾಣ ಹಾಕುವುದು ಅದರ 3ನೆಯ ಪ್ರಕರಣದ ಉದ್ದೇಶ. ಉಳಿದ ಪ್ರಕರಣಗಳೆಲ್ಲ 1979ರಲ್ಲಿ ಜಾರಿಗೆ ಬಂದವು. ಈ ಪ್ರಕರಣಕ್ಕೆ ಮಾತ್ರ ಯಾವ ಸರ್ಕಾರವೂ ದಿನವಿಟ್ಟಿಲ್ಲ. ಎ. ಕೆ. ರಾಯ್ ಮೊಕದ್ದಮೆಯಲ್ಲಿ 1981ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಈ ಪ್ರಶ್ನೆ ಬಂದಾಗ, ದಿನವಿಡಿರೆಂದು ಸರ್ಕಾರಕ್ಕೆ ಆಜ್ಞೆ ಮಾಡಲು ಬರುವುದಿಲ್ಲವೆಂದು ಐವರಲ್ಲಿ ಮೂವರು ನ್ಯಾಯಾಧೀಶರು ಅಭಿಪ್ರಾಯಪಟ್ಟರು. ವಕೀಲರಿಗೆ ಎಲ್ಲ ನ್ಯಾಯಾಲಯಗಳಲ್ಲಿಯೂ ವಾದಿಸುವ ಹಕ್ಕು ಕೊಡುವ 1961ರ ವಕೀಲರ ಕಾಯಿದೆಯ 30ನೆಯ ಪ್ರಕರಣ ಜಾರಿಗೆ ಬಂದದ್ದು 2011ರ ಜೂನ್ 15ರಂದು; ಇತರರಿಗಾಗಿ ದಿನಾಂಕಗಳನ್ನು ವಾದಿಸುವ ವಕೀಲರೇ ತಮ್ಮ ದಿನಾಂಕಕ್ಕೆ ಐವತ್ತು ವರ್ಷ ಕಾದರು. ದೆಹಲಿಯ ಬಾಡಿಗೆ ಕಾಯಿದೆ 1995ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದೂ ಜಾರಿಗೆ ಬರಲೇ ಇಲ್ಲ. 2019, 2020ರಲ್ಲಿ ಸಂಸತ್ತು ಒಪ್ಪಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರವರೆಗೆ ಕಾಯಬೇಕಾಯಿತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗಲೂ, ಅಪಘಾತ ಮಾಡಿ ಓಡಿಹೋಗುವ ಚಾಲಕರಿಗೆ ಹತ್ತು ವರ್ಷದವರೆಗೆ ಸಜೆ ವಿಧಿಸುವ 106ನೆಯ ಪ್ರಕರಣದ 2ನೆಯ ಉಪಪ್ರಕರಣವನ್ನು ಲಾರಿ ಚಾಲಕರ ಮುಷ್ಕರದ ಹಿನ್ನೆಲೆಯಲ್ಲಿ ಆ ಅಧಿಸೂಚನೆಯಿಂದ ಹೊರಗಿಟ್ಟರು.

ಈ ಪಟ್ಟಿಯಲ್ಲಿ ಒಂದು ಸತ್ಯ ಅಡಗಿದೆ. ಕಾಯಿದೆಯನ್ನು ಒಪ್ಪುವವರು ನಾವು ಆರಿಸಿ ಕಳಿಸಿದ ನೂರಾರು ಪ್ರತಿನಿಧಿಗಳು. ಚರ್ಚೆಯಾಗುತ್ತದೆ, ಮತ ಬೀಳುತ್ತದೆ, ಪತ್ರಿಕೆಗಳಲ್ಲಿ ವರದಿಯಾಗುತ್ತದೆ. ಅದಕ್ಕೆ ದಿನವಿಡುವುದು ಸಚಿವಾಲಯದ ಒಂದು ಕಡತದಲ್ಲಿ. ಅಲ್ಲಿ ಚರ್ಚೆಯಿಲ್ಲ, ಮತವಿಲ್ಲ, ಗಡುವೂ ಇಲ್ಲ. ಶಾಸನಸಭೆ "ಬೇಡ" ಎನ್ನದ ಕಾಯಿದೆಯನ್ನು ಕಡತ ಸದ್ದಿಲ್ಲದೆ "ಬೇಡ" ಎನ್ನಬಹುದು. ಇದು ಪ್ರಜಾಪ್ರಭುತ್ವಕ್ಕೆ ಒಪ್ಪುವ ಕ್ರಮವಲ್ಲ.

ಪರಿಹಾರ ಕಷ್ಟವೇನೂ ಅಲ್ಲ. ಸಿದ್ಧತೆಗೆ ಕಾಲ ಬೇಕೆಂಬುದನ್ನು ಒಪ್ಪೋಣ. ಆದರೆ ಆ ಕಾಲಕ್ಕೊಂದು ಎಲ್ಲೆಯಿರಲಿ. "ಸರ್ಕಾರ ಗೊತ್ತುಪಡಿಸುವ ದಿನ, ಆದರೆ ಅಂಕಿತವಾದ ಒಂದು ವರ್ಷದೊಳಗೆ" ಎಂದು ಆ ಮೂರನೆಯ ಸಾಲಿಗೆ ನಾಲ್ಕು ಮಾತು ಸೇರಿಸಿದರೆ ಸಾಕು. ಅಷ್ಟರೊಳಗೆ ಆಗದಿದ್ದರೆ ಮಂತ್ರಿಗಳು ಸದನಕ್ಕೆ ಬಂದು ಕಾರಣ ಹೇಳಲಿ. ಭೂಮಿ, ಬಾಡಿಗೆ, ಕೂಲಿಗಳ ವಿಷಯದಲ್ಲಂತೂ, ಕಾಯಿದೆ ಬರುವ ಸುದ್ದಿಗೂ ಅದು ನಡೆಯುವ ದಿನಕ್ಕೂ ನಡುವೆ ಬಲಹೀನರ ಈಗಿನ ಸ್ಥಿತಿ ಕೆಡದಂತೆ ತಾತ್ಕಾಲಿಕ ರಕ್ಷಣೆಯಿರಲೇಬೇಕು. 1962ರಿಂದ 1965ರವರೆಗಿನ ಕಥೆ ಇದಕ್ಕಿಂತ ಬೇರೆ ಸಾಕ್ಷಿಯನ್ನು ಕೇಳುವುದಿಲ್ಲ.

ವಾಚಕರು ತಮ್ಮ ಮಟ್ಟಿಗೆ ಮಾಡಬಹುದಾದದ್ದೂ ಇದೆ. ಹೊಸ ಕಾಯಿದೆಯ ಸುದ್ದಿ ಕಿವಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಅಂಕಿತವಾಗಿದೆಯೇ? ಮೊದಲ ಪ್ರಕರಣದ ಮೂರನೆಯ ಸಾಲು ಏನೆನ್ನುತ್ತದೆ? ಅಧಿಸೂಚನೆ ಹೊರಟಿದೆಯೇ, ಹೊರಟಿದ್ದರೆ ಎಲ್ಲ ಪ್ರಕರಣಗಳಿಗೋ, ಕೆಲವಕ್ಕೋ? ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಕಾಗದಪತ್ರಗಳಿದ್ದರೆ ಅವುಗಳ ಒಕ್ಕಣೆಗಿಂತ ಮೊದಲು ದಿನಾಂಕವನ್ನು ನೋಡಿ. ಊರಿನಲ್ಲಿ ನಿಮ್ಮ ಜಮೀನಿನ ಪಕ್ಕದಲ್ಲಿ ಉಳುವ, ಓದುಬರಹ ಬಾರದ ಒಬ್ಬನಿದ್ದರೆ, ಗಡುವು ತೀರುವ ಮೊದಲು ಅವನಿಗೊಂದು ಮಾತು ತಿಳಿಸಿ. ನಿಮಗೆ ಪತ್ರಿಕೆಯಲ್ಲಿ ಒಂದು ಸಾಲಾಗಿ ಕಂಡ ದಿನ, ಅವನ ಮಕ್ಕಳ ಪಾಲಿಗೆ ನಾಲ್ಕೆಕರೆ ಗದ್ದೆಯಾಗಿರಬಹುದು.